ಕೈಗುಣ ಮತ್ತು ನೀಲಿ ಪರದೆ

ನನಗೆ ಸಿಟ್ಟು ಬೇಗ ಬರುತ್ತದೆ. ಬಂದ ಸಿಟ್ಟು ಬೇಗ ಹೋಗುವುದಿಲ್ಲ. ತವರಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಗಂಡನ ಮನೆಯಲ್ಲಿ ಮೊದಲ ವರ್ಷವೇ ಗೊತ್ತಾಯಿತು. ತಳೇಗಾಂವದ ಕಾರ್ಖಾನೆಯಲ್ಲಿ ನನ್ನ ಮೇಲೆ ಕೂತಿದ್ದ ಸಾಹೇಬರಿಗೆ ಮಾತ್ರ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಮನುಷ್ಯ ನನ್ನ ಕೈಗೆ ಹೆಸರಿಡುತ್ತಿರಲಿಲ್ಲ.

ನಾನು ಬಾಗಲಕೋಟೆಯವಳು, ಮದುವೆಯಾಗಿ ಪುಣೆಗೆ ಬಂದೆ. ಗಂಡನಿಗೆ ಖಡಕಿಯಲ್ಲಿ ನೌಕರಿ, ಮನೆಯೂ ಅಲ್ಲೇ, ಜೊತೆಗೆ ಅತ್ತೆ. ನಾನು ದಿನಾ ಬೆಳಿಗ್ಗೆ ಲೋಣಾವಳಾ ಲೋಕಲ್ ಹಿಡಿದು ತಳೇಗಾಂವಕ್ಕೆ ಹೋಗುತ್ತಿದ್ದೆ. ಅಲ್ಲಿ ಮೋಟಾರು ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಪ್ಲಾನಿಂಗ್ ವಿಭಾಗದಲ್ಲಿ ಕೆಲಸ. ಯಾವ ಮಾಲು ಯಾವಾಗ ತಯಾರಾಗಬೇಕು, ಯಾವ ಮಷೀನಿನ ಮೇಲೆ ಏರಬೇಕು, ಯಾವ ಲಾರಿಗೆ ಹೋಗಬೇಕು ಎಂದು ಲೆಕ್ಕ ಹಾಕುವವಳು ನಾನು. ವಿಭಾಗದ ಮುಖ್ಯಸ್ಥರು ಆ ವರ್ಷ ದೀಪಾವಳಿಗೆ ನಿವೃತ್ತರಾಗುವವರಿದ್ದರು. ಅವರ ಕುರ್ಚಿ ನನ್ನದಾಗಬೇಕು ಎಂದು ನಾನು ಅಂದುಕೊಂಡಿದ್ದೆ. ನಾನೊಬ್ಬಳೇ ಅಲ್ಲ, ವಿಭಾಗದಲ್ಲಿ ಎಲ್ಲರೂ ಅಂದುಕೊಂಡಿದ್ದರು. ನನ್ನಷ್ಟು ಆ ಕೆಲಸ ಗೊತ್ತಿದ್ದವರು ಬೇರೆ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ; ಜಂಬ ಎಂದುಕೊಂಡರೂ ನನ್ನ ಅಭ್ಯಂತರವಿಲ್ಲ.

ಸಾಹೇಬರು ಕಾರ್ಖಾನೆಯ ಮ್ಯಾನೇಜರು. ಧಾರವಾಡದ ಕಡೆಯವರು. ನಾನು ಕೆಲಸಕ್ಕೆ ಸೇರಿದ ದಿನ ನನ್ನ ಮರಾಠಿ ಕೇಳಿ ನಕ್ಕು, “ನಮ್ಮ ಕಡಿಯವರೇನ್ರಿ? ಬಾಯಿ ತಗದ ಕೂಡಲೆ ಗೊತ್ತಾತು ನೋಡ್ರಿ” ಅಂದಿದ್ದರು. ನನಗೆ ಕಣ್ಣಲ್ಲಿ ನೀರು ಬಂದಿತ್ತು. ಪರವೂರಿನಲ್ಲಿ ನಮ್ಮ ಭಾಷೆ ಮಾತಾಡುವವರೊಬ್ಬರು ದೊಡ್ಡ ಕುರ್ಚಿಯಲ್ಲಿ ಕೂತಿದ್ದಾರೆ ಎಂದು ಮನೆಗೆ ಬಂದು ಅತ್ತೆಗೆ ಹೇಳಿದ್ದೆ. ಅವರ ಹೆಂಡತಿಗೂ ನಮ್ಮ ಅತ್ತೆಗೂ ಶುಕ್ರವಾರದ ಭಜನೆಯಲ್ಲಿ ಪರಿಚಯವಾಯಿತು. ಚಿಂಚವಡದ ಅವರ ಮನೆಗೆ ನಾವು, ಖಡಕಿಯ ನಮ್ಮ ಮನೆಗೆ ಅವರು, ಹೀಗೆ ಹೋಗಿಬರುವುದು ನಡೆಯಿತು.

ಸ್ವಲ್ಪ ದಿನ ಹೋದಮೇಲೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ಸಾಹೇಬರಿಗೆ ಎರಡು ಭಾಷೆ. ಏನಾದರೂ ಮಾರಬೇಕಾದಾಗ ಕನ್ನಡ, ಬೈಯಬೇಕಾದಾಗ ಮರಾಠಿ. ಮಾರುವಾಗ ನಾನು ‘ತಂಗಿ’, ಬೈಯುವಾಗ ‘ಮ್ಯಾಡಮ್’.

ಮಾರುತ್ತಿದ್ದದ್ದು ಮ್ಯಾಗ್ನೆಟ್ ಕಡಗ. ಆ ಕಾಲದಲ್ಲಿ ಪುಣೆ ತುಂಬ ಅದರ ಹುಚ್ಚು ಹಬ್ಬಿತ್ತು. ಅಯಸ್ಕಾಂತ ಹಾಕಿದ ಹಾಸಿಗೆ, ಅಯಸ್ಕಾಂತದ ಸೊಂಟಪಟ್ಟಿ, ಅಯಸ್ಕಾಂತದ ಕಡಗ. ಕೊಂಡವರು ಇನ್ನಿಬ್ಬರಿಗೆ ಮಾರಬೇಕು, ಆ ಇಬ್ಬರು ಮತ್ತಿಬ್ಬರಿಗೆ. ಸಾಹೇಬರು ಆ ಸರಪಣಿಯಲ್ಲಿ ಬಹಳ ಮೇಲಿದ್ದರು. ಪುಣೆಯ ನಮ್ಮ ಮಂದಿ ಒಬ್ಬರೂ ಬಿಟ್ಟುಹೋಗದಂತೆ ಎಲ್ಲರ ಕೈಗೂ ತೊಡಿಸಿದ್ದರು. ಬೇಡ ಎನ್ನುವುದು ಹೇಗೆ? ನಮ್ಮವರು, ಮೇಲಾಗಿ ಸಾಹೇಬರು. ಯುಗಾದಿಯ ಮರುದಿನ ನನ್ನನ್ನು ಕ್ಯಾಬಿನಿಗೆ ಕರೆದರು.

“ತಂಗಿ, ದಿನಾ ಟ್ರೇನಿನ್ಯಾಗ ನಿಂತು ಬರ್ತಿ, ಕೈಕಾಲು ನೋಯಂಗಿಲ್ಲೇನು? ಇದನ್ನ ಹಾಕ್ಕೊ. ರಕ್ತ ಹೆಂಗ ಹರೀತದ ನೋಡು. ಹೆಣ್ಮಕ್ಕಳು ಎಡಗೈಗೆ, ಗಂಡಸರು ಬಲಗೈಗೆ. ಬಿಪಿ ಇದ್ದವರು ಎರಡೂ ಕೈಗೆ ಹಾಕ್ಕೊಂಡ್ರ ಚಕ್ರ ಪೂರ್ತಿ ಆಗತದ. ನಮ್ಮವರಿಗೆ ನಾವ ಹೇಳಲಿಲ್ಲಂದ್ರ ಯಾರು ಹೇಳಬೇಕು?”

ತಗೊಂಡೆ. ಬೆಳ್ಳಿಯ ಬಣ್ಣದ್ದು, ಅಗಲವಾದದ್ದು, ಒಳಗಡೆ ಸಾಲಾಗಿ ಕಪ್ಪು ಗುಂಡಿಗಳು. ಹಸಿರು ಬಳೆಗಳ ಪಕ್ಕ ಅದು ಕಡಕ್ ಕಡಕ್ ಎನ್ನುತ್ತಿತ್ತು. ಸೆರಗಿನ ಪಿನ್ನು ತೆಗೆಯಲು ಹೋದರೆ ಪಿನ್ನು ಹಾರಿ ಬಂದು ಅದಕ್ಕೆ ಅಂಟುತ್ತಿತ್ತು. ಆಫೀಸಿನ ಹಳೆ ಡಬ್ಬಿ ಮಾನಿಟರುಗಳ ಮೂಲೆಯಲ್ಲೆಲ್ಲ ನೇರಳೆ, ಹಸಿರು ಕಲೆಗಳು ಬಿದ್ದಿದ್ದವು. ಮಾನಿಟರು ಹಳೆಯದಾಗಿದೆ ಎಂದುಕೊಂಡು ಎಲ್ಲರೂ ಹಾಗೇ ಕೆಲಸ ಮಾಡುತ್ತಿದ್ದರು. ಸಾಹೇಬರ ಮಾನಿಟರಿನಲ್ಲಿ ಎಲ್ಲಕ್ಕಿಂತ ದೊಡ್ಡ ಕಲೆ ಇತ್ತು.

ಅದೇ ವಾರ ನನಗೆ ಲ್ಯಾಪ್‌ಟಾಪ್ ಬಂತು. ಪುಣೆಯ ಮುಖ್ಯ ಕಚೇರಿಗೂ ತಳೇಗಾಂವಕ್ಕೂ ಪ್ಲಾನು ಹೊತ್ತು ಓಡಾಡಬೇಕಿತ್ತಲ್ಲ, ಅದಕ್ಕೆ. ಇಡೀ ವಿಭಾಗದಲ್ಲಿ ಲ್ಯಾಪ್‌ಟಾಪ್ ಇದ್ದದ್ದು ನನಗೊಬ್ಬಳಿಗೇ. ಕುಂಕುಮ ಹಚ್ಚಿ ತೆರೆದೆ. ಎರಡನೇ ದಿನ ಅದು ನೀಲಿಯಾಯಿತು.

ಆ ನೀಲಿ ಪರದೆ ನೋಡಿದವರಿಗೆ ಹೇಳಬೇಕಾಗಿಲ್ಲ. ನೋಡದವರಿಗೆ ಹೇಳುತ್ತೇನೆ: ಕೆಲಸ ಮಾಡುತ್ತಿರುವಾಗ ಪರದೆ ಫಕ್ಕನೆ ಕಪ್ಪಾಗುತ್ತದೆ. ಏನಾಯಿತು ಎಂದು ನಾಲ್ಕು ಗುಂಡಿ ಒತ್ತುತ್ತೇವೆ. ಆಗ ಪರದೆ ತುಂಬ ನೀಲಿ, ಅದರ ಮೇಲೆ ಬಿಳಿ ಅಕ್ಷರಗಳಲ್ಲಿ ತಲೆಬುಡ ತಿಳಿಯದ ಇಂಗ್ಲಿಷು, ಸೊನ್ನೆಗಳು, ಎಕ್ಸ್‌ಗಳು. ಉಳಿಸಿಕೊಳ್ಳದ ಕೆಲಸವೆಲ್ಲ ಹೋಯಿತು. ಬಂದ್ ಮಾಡಿ ಮತ್ತೆ ಶುರು ಮಾಡಿದರೆ ಏನೂ ಆಗೇ ಇಲ್ಲವೆಂಬಂತೆ ಹಾಡು ಹೇಳಿಕೊಂಡು ಏಳುತ್ತದೆ. ಒಂದೊಂದು ದಿನ ಏನೂ ಆಗುತ್ತಿರಲಿಲ್ಲ. ಒಂದೊಂದು ದಿನ ಊಟದ ಹೊತ್ತಿನೊಳಗೆ ಅಳು ಬರುವಷ್ಟು ಸಲ ಬೀಳುತ್ತಿತ್ತು.

ಕಂಪ್ಯೂಟರ್ ವಿಭಾಗದ ಹುಡುಗ ಸಾತಾರಾ ಕಡೆಯವನು, ಒಳ್ಳೆಯವನೇ. ಲ್ಯಾಪ್‌ಟಾಪನ್ನು ತನ್ನ ಮೇಜಿಗೆ ಒಯ್ದು ಎರಡು ದಿನ ಇಟ್ಟುಕೊಂಡ. ಅವನ ಹತ್ತಿರ ಅದು ಒಮ್ಮೆಯೂ ಬೀಳಲಿಲ್ಲ. “ಮ್ಯಾಡಮ್, ಮಷೀನ್ ಎಕದಮ್ ಓಕೆ ಆಹೇ” ಎಂದು ವಾಪಸು ಕೊಟ್ಟ. ನನ್ನ ಮೇಜಿಗೆ ಬಂದ ಮಧ್ಯಾಹ್ನವೇ ಬಿತ್ತು. ಮತ್ತೆ ಒಯ್ದ, ಫಾರ್ಮ್ಯಾಟ್ ಮಾಡಿದ. ಆಮೇಲೆ ಮೆಮೊರಿ ಬದಲಿಸಿದ. ಮತ್ತೆ ಫಾರ್ಮ್ಯಾಟ್. ಪ್ರತಿ ಸಲ ಅವನ ಕೈಯಲ್ಲಿ ಸರಿ, ನನ್ನ ಕೈಯಲ್ಲಿ ನೀಲಿ. ಮನೆಯಲ್ಲಿ ರವಿವಾರ ಕೂತರೆ ಒಳ್ಳೆಯ ಮಗುವಿನ ಹಾಗೆ ನಡೆಯುತ್ತಿತ್ತು. ಅದನ್ನು ಹೇಳಿದ್ದೇ ತಪ್ಪಾಯಿತು.

ಸಾಹೇಬರು ಎಲ್ಲರೆದುರು ನಕ್ಕರು. ಆ ದಿನ ಕನ್ನಡದಲ್ಲೇ ಹೇಳಿದರು, ನನಗೆ ಸರಿಯಾಗಿ ನಾಟಲಿ ಎಂದು. “ಕುಣಿಯಾಕ ಬರಲಾರದಾಕಿ ನೆಲ ಡೊಂಕು ಅಂದ್ಲಂತ, ಹಂಗಾತು ನಿಮ್ಮ ಕತಿ.” ಆಮೇಲೆ ಉಳಿದವರಿಗೂ ತಿಳಿಯಲಿ ಎಂದು ಮರಾಠಿಗೆ ಹೊರಳಿದರು: “ಮಷೀನ್‌ಚಾ ದೋಷ ನಾಹೀ, ಹಾತಾಚಾ ದೋಷ ಆಹೇ.” ಮಷೀನಿನ ದೋಷವಲ್ಲ, ಕೈಯ ದೋಷ. ಎಲ್ಲರೂ ನಕ್ಕರು. ನಾನೂ ಹಲ್ಲು ಬಿಟ್ಟೆ. ಒಳಗೆ ಮೈಯೆಲ್ಲ ಉರಿಯುತ್ತಿತ್ತು.

ಅಲ್ಲಿಗೇ ನಿಂತಿದ್ದರೆ ನಾನೂ ನುಂಗಿಕೊಳ್ಳುತ್ತಿದ್ದೆನೇನೋ. ನಿಲ್ಲಲಿಲ್ಲ. ಖಾಲಿಯಾಗುವ ಆ ಕುರ್ಚಿಗೆ ಸಾಹೇಬರ ಮನಸ್ಸಿನಲ್ಲಿ ಬೇರೆಯವನಿದ್ದ: ಡಿಸ್ಪ್ಯಾಚಿನ ಒಬ್ಬ ಗುಮಾಸ್ತ. ಲಾರಿಗೆ ಮಾಲು ಹೇರುವುದರಲ್ಲಿ ತಪ್ಪು ಮಾಡುತ್ತಿದ್ದ, ಆದರೆ ಕಡಗ ಮಾರುವುದರಲ್ಲಿ ಎತ್ತಿದ ಕೈ. ಅವನಿಗೆ ದಾರಿ ಮಾಡಬೇಕೆಂದರೆ ನನ್ನ ಹೆಸರು ಕೆಡಬೇಕಿತ್ತು. ಕೆಲಸದಲ್ಲಿ ಹೆಸರಿಡಲು ಏನೂ ಸಿಗದ್ದಕ್ಕೆ ಕೈಗೆ ಬಂದರು. ಮಾಲೀಕರ ಮುಂದೆ ‘ಆಕೆಯ ಕೈಗುಣ ಸರಿ ಇಲ್ಲ, ಹೊಸ ಮಷೀನು ಕೊಟ್ಟರೂ ಬಾಳಲಿಲ್ಲ’ ಅಂದರಂತೆ. ಮನೆಯಲ್ಲಿ ಹೆಂಡತಿಗೆ ಹೇಳಿದರು. ಹೆಂಡತಿ ಭಜನೆಯಲ್ಲಿ ಹೇಳಿದರು. ಅಲ್ಲಿಂದ ಡಂಗುರ ಹೊಡೆಯುವವರು ಬೇಕಾಗಲಿಲ್ಲ.

ಕೈಗುಣ ಎಂದರೆ ನಮ್ಮ ಕಡೆ ತಮಾಷೆಯ ಮಾತಲ್ಲ. ಒಬ್ಬೊಬ್ಬರು ಮುಟ್ಟಿದರೆ ಬಾಳುತ್ತದೆ, ಒಬ್ಬೊಬ್ಬರು ಮುಟ್ಟಿದರೆ ಕೆಡುತ್ತದೆ ಎಂದು ನಂಬಿದ ಮಂದಿ ನಾವು. ನಮ್ಮ ಅವ್ವನ ಕೈಗುಣ ದೊಡ್ಡದು. ಓಣಿಯವರೆಲ್ಲ ತಮ್ಮ ಉಪ್ಪಿನಕಾಯಿಗೆ ಮೊದಲ ಮುಷ್ಟಿ ಉಪ್ಪು ಅವ್ವನ ಕೈಯಿಂದ ಹಾಕಿಸುತ್ತಿದ್ದರು. ಆ ಕೈ ನನಗೆ ಬಂದಿದೆ ಎಂದು ಗಂಡನ ಮನೆಯಲ್ಲೂ ಹೆಸರಾಗಿತ್ತು. ಮದುವೆಯಾದಾಗಿನಿಂದ ಮನೆಯ ಉಪ್ಪಿನಕಾಯಿ ನಾನೇ ಹಾಕುತ್ತಿದ್ದೆ.

ಆ ಬೇಸಗೆಯಲ್ಲಿ ಅತ್ತೆ ಮಾವಿನಕಾಯಿ ತರಿಸಿದರು. ತೊಳೆದು, ಒರೆಸಿ, ಹೋಳು ಮಾಡಿ ಹರಡಿದ್ದರು. ನಾನು ಕೈ ತೊಳೆದು ಬಂದು ಕೂತೆ. ಅತ್ತೆ ನನ್ನ ಮುಖ ನೋಡಲಿಲ್ಲ.

“ಈ ಸರ್ತಿ ನೀ ಬ್ಯಾಡವಾ,” ಅಂದರು. “ನಾನ ಕಲಸ್ತೀನಿ. ನೀ ಹೋಗಿ ಒಂದೀಟು ಎಣ್ಣಿ ತಗೊಂಬಾ.”

“ಎಣ್ಣಿ ಮನ್ಯಾಗ ಅದ ಅಲ್ಲರೀ ಅತ್ತಿ.”

“ಇನ್ನೀಟು ಬೇಕಾಗತದ.”

ನನಗೆ ಅರ್ಥವಾಯಿತು. ಎಣ್ಣೆ ತರಲು ಹೋದೆ. ಖಡಕಿ ಬಜಾರಿನ ತನಕ ಅಳುತ್ತ ಹೋದೆ, ಬರುವಾಗ ಅಳು ನಿಂತಿತ್ತು. ಅತ್ತೆಯ ಮೇಲೆ ಸಿಟ್ಟಿರಲಿಲ್ಲ; ಅವರು ಕೇಳಿದ್ದನ್ನು ನಂಬಿದ್ದರು ಅಷ್ಟೇ. ಸಿಟ್ಟೆಲ್ಲ ಒಬ್ಬರ ಮೇಲಿತ್ತು. ಗಂಡ “ಹೋಗ್ಲಿ ಬಿಡು, ದೊಡ್ಡವರು” ಅಂದರು. ನಾನು ಬಿಡುವವಳಲ್ಲ. ಈ ಮನುಷ್ಯನಿಗೆ ಅವನ ಮಾತನ್ನೇ ತಿನ್ನಿಸದಿದ್ದರೆ ನಾನು ನಮ್ಮ ಅವ್ವನ ಮಗಳೇ ಅಲ್ಲ ಎಂದು ಎಣ್ಣೆಯ ಡಬ್ಬಿ ಕೆಳಗಿಟ್ಟಾಗಲೇ ನಿರ್ಧಾರ ಮಾಡಿದೆ. ಹೇಗೆ ಎನ್ನುವುದು ಗೊತ್ತಿರಲಿಲ್ಲ.

ಗೊತ್ತಾದದ್ದು ಶ್ರಾವಣ ಕಳೆದ ಮೇಲೆ, ಒಂದು ರವಿವಾರ. ರವಿವಾರ ನಮ್ಮಲ್ಲಿ ಜೋಳದ ರೊಟ್ಟಿ. ರೊಟ್ಟಿ ಬಡಿಯುವಾಗ ಕಡಗದ ಗುಂಡಿಗಳ ಸಂದಿನಲ್ಲಿ ಹಿಟ್ಟು ಸಿಕ್ಕಿಕೊಳ್ಳುತ್ತದೆ ಎಂದು ಅದನ್ನು ಕಳಚಿ ಗೂಡಿನಲ್ಲಿಡುವುದು ರೂಢಿ. ಊಟ ಮುಗಿದ ಮೇಲೆ ಲ್ಯಾಪ್‌ಟಾಪ್ ತೆಗೆದು ಸೋಮವಾರದ ಪ್ಲಾನು ಮಾಡುತ್ತಿದ್ದೆ. ಎಂದಿನಂತೆ ಚೆನ್ನಾಗಿ ನಡೆಯುತ್ತಿತ್ತು. ಸಂಜೆ ಸಾಹೇಬರು, ನಾವು ವೈನಿ ಎನ್ನುತ್ತಿದ್ದ ಅವರ ಹೆಂಡತಿ, ಇಬ್ಬರೂ ಚಹಾಕ್ಕೆ ಬರುವವರಿದ್ದರು. ಕೈಯಲ್ಲಿ ಕಡಗ ಕಾಣದಿದ್ದರೆ ಸಾಹೇಬರದೊಂದು ಭಾಷಣ ಕೇಳಬೇಕಾಗುತ್ತದೆ ಎಂದು ಎದ್ದುಹೋಗಿ ಹಾಕಿಕೊಂಡು ಬಂದು ಕೂತೆ. ಎಡಗೈ ಕೀಲಿಮಣೆಯ ಮುಂದಿನ ಅಂಚಿನ ಮೇಲೆ ಊರಿದೆ. ಪರದೆ ಕಪ್ಪಾಯಿತು. ಗುಂಡಿ ಒತ್ತಿದೆ, ನೀಲಿಯಾಯಿತು.

ಮನೆಯಲ್ಲಿ ಅದು ಬಿದ್ದದ್ದು ಅದೇ ಮೊದಲು. ನಾನು ಕೈಯನ್ನೇ ನೋಡುತ್ತ ಕೂತೆ. ಆ ಮಾನಿಟರುಗಳ ನೇರಳೆ ಕಲೆ ನೆನಪಾಯಿತು, ಹಾರಿ ಬರುವ ಪಿನ್ನು ನೆನಪಾಯಿತು. ಕಡಗ ಕಳಚಿದೆ. ಮಷೀನು ಮತ್ತೆ ಶುರು ಮಾಡಿ, ಕಡಗವನ್ನು ಎರಡು ಬೆರಳಲ್ಲಿ ಹಿಡಿದು, ದೃಷ್ಟಿ ತೆಗೆಯುವಾಗ ಮೆಣಸಿನಕಾಯಿ ನಿವಾಳಿಸುವ ಹಾಗೆ ಲ್ಯಾಪ್‌ಟಾಪಿನ ಮೇಲೆಲ್ಲ ನಿಧಾನವಾಗಿ ಆಡಿಸಿದೆ. ಬಲಗಡೆ ಏನೂ ಇಲ್ಲ. ನಡುವೆ ಏನೂ ಇಲ್ಲ. ಎಡ ಮೂಲೆಗೆ ಬಂದ ಕೂಡಲೇ ಪರದೆ ಕಪ್ಪು. ಇನ್ನೊಮ್ಮೆ ಮಾಡಿದೆ, ಇನ್ನೊಮ್ಮೆ ಕಪ್ಪು.

ಮರುದಿನ ಆಫೀಸಿನ ಇಂಟರ್ನೆಟ್ಟಿನಲ್ಲಿ ಹುಡುಕಿ ಓದಿದೆ. ಲ್ಯಾಪ್‌ಟಾಪಿನ ಮುಚ್ಚಳದೊಳಗೆ ಒಂದು ಸಣ್ಣ ಅಯಸ್ಕಾಂತ ಇರುತ್ತದಂತೆ. ಮುಚ್ಚಿದಾಗ ಅದು ಕೆಳಗಿನ ಮೂಲೆಯೊಂದಕ್ಕೆ ಎದುರಾಗುತ್ತದೆ, ಆಗ ಮಷೀನಿಗೆ ‘ಮುಚ್ಚಳ ಮುಚ್ಚಿತು, ಇನ್ನು ಮಲಗಬೇಕು’ ಎಂದು ತಿಳಿಯುತ್ತದೆ. ನನ್ನ ಕಡಗವೂ ಅದಕ್ಕೆ ಅದನ್ನೇ ಹೇಳುತ್ತಿತ್ತು. ಕೆಲಸದ ನಡುವೆ ಮಷೀನು ಮಲಗುತ್ತಿತ್ತು. ಗುಂಡಿ ಒತ್ತಿ ಎಬ್ಬಿಸಿದರೆ, ಏಳುವುದರಲ್ಲಿ ಏನೋ ದೋಷವಿದ್ದ ಆ ಮಷೀನು ಎಡವಿ ನೀಲಿಗೆ ಬೀಳುತ್ತಿತ್ತು. ನಾನು ಯಾವಾಗಲೂ ಪೂರ್ತಿ ಬಂದ್ ಮಾಡಿಯೇ ಮುಚ್ಚುವವಳಾದ್ದರಿಂದ ಬೇರೆ ಹೊತ್ತಿನಲ್ಲಿ ಇದು ಕಂಡಿರಲಿಲ್ಲ. ಕಂಪ್ಯೂಟರ್ ವಿಭಾಗದ ಹುಡುಗನ ಕೈಯಲ್ಲಿ ಯಾಕೆ ಬೀಳಲಿಲ್ಲ? ಅವನು ನಮ್ಮವನಲ್ಲ, ಕಡಗ ಕೊಂಡಿರಲಿಲ್ಲ. ಸಾಹೇಬರು ಒಂದೆರಡು ಸಲ ಕೂತು ನೋಡಿದಾಗ ಯಾಕೆ ಬೀಳಲಿಲ್ಲ? ಅವರ ಕಡಗ ಬಲಗೈಯಲ್ಲಿ, ಎಡಗೈಯಲ್ಲಿ ಗಡಿಯಾರ.

ದೋಷ ಕೈಯದು ಎಂದಿದ್ದರಲ್ಲ, ಸರಿಯಾಗೇ ಹೇಳಿದ್ದರು. ಅದನ್ನು ನನ್ನ ಕೈಗೆ ತೊಡಿಸಿದವರು ಯಾರು ಎನ್ನುವುದನ್ನು ಹೇಳಿರಲಿಲ್ಲ.

ಆ ಹೊತ್ತಿಗೆ ನೇರ ಕ್ಯಾಬಿನಿಗೆ ಹೋಗಿ ತೋರಿಸಬಹುದಿತ್ತು. ತೋರಿಸಿದ್ದರೆ ಏನಾಗುತ್ತಿತ್ತು? ‘ಹೌದೇನು? ಛಲೋ ಆತು ಬಿಡು’ ಎಂದು ನಕ್ಕು ಮುಗಿಸುತ್ತಿದ್ದರು. ನನ್ನ ಕೈಗೆ ಅಂಟಿದ ಹೆಸರು ಹಾಗೇ ಉಳಿಯುತ್ತಿತ್ತು. ಎಲ್ಲರೆದುರು ಬಿದ್ದ ಮಾತು ಎಲ್ಲರೆದುರೇ ತೊಳೆದುಹೋಗಬೇಕು. ನಾನು ಬಾಯಿ ಮುಚ್ಚಿಕೊಂಡೆ. ಆಫೀಸಿಗೆ ಹೋದ ಕೂಡಲೇ ಕಡಗ ಕಳಚಿ ಊಟದ ಡಬ್ಬಿಯಲ್ಲಿಟ್ಟೆ; ಕ್ಯಾಬಿನಿಗೆ ಕರೆ ಬಂದರೆ ಹಾಕಿಕೊಂಡು ಹೋದೆ. ಲ್ಯಾಪ್‌ಟಾಪ್ ಬೀಳುವುದು ನಿಂತಿತು.

ಅದಕ್ಕೂ ಸಾಹೇಬರದ್ದೇ ಹೆಸರು ಬೇಕಾಯಿತು. ಅವರು ಹೇಳಿದ್ದಕ್ಕೆ ಇನ್ನೊಂದು ಫಾರ್ಮ್ಯಾಟ್ ಆಗಿತ್ತಲ್ಲ, ಅದರಿಂದಲೇ ಸರಿಯಾಯಿತಂತೆ. “ನಾ ಕೈ ಹಾಕಿದ ಮ್ಯಾಲೆ ಹೆಂಗ ನಿಂತದ ನೋಡ್ರಿ” ಎಂದು ಕಾರ್ಖಾನೆಯೆಲ್ಲ ಹೇಳಿದರು, ಮಾಲೀಕರಿಗೂ ಹೇಳಿದರು. ದಸರೆಯ ನಂತರ ದೊಡ್ಡ ಸಭೆಯಿತ್ತು. ಮುಂಬಯಿಯ ದೊಡ್ಡ ಗಿರಾಕಿಗಳು ಬರುವವರು, ಮುಂದಿನ ವರ್ಷದ ಪ್ಲಾನು ಅವರಿಗೆ ತೋರಿಸಬೇಕು. ಪ್ಲಾನು ನನ್ನದು, ಲ್ಯಾಪ್‌ಟಾಪ್ ನನ್ನದು. ಆದರೆ ತಾನೇ ನಡೆಸುತ್ತೇನೆ ಎಂದರು ಸಾಹೇಬರು, ನನ್ನ ಕೈ ಬೇಡ ಎಂದು. ಅದಾದ ಮೇಲೆ ಕುರ್ಚಿ ಯಾರಿಗೆ ಎಂದು ಮಾಲೀಕರು ನಿರ್ಧರಿಸುವವರಿದ್ದರು.

“ಆಗ್ಲಿರಿ ಸಾಹೇಬ್ರ,” ಅಂದೆ. ಅಷ್ಟು ಮೆತ್ತಗೆ ನಾನು ಯಾರೊಂದಿಗೂ ಮಾತಾಡಿದವಳಲ್ಲ.

ವೈನಿ ಒಳ್ಳೆಯ ಹೆಂಗಸು, ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಭಜನೆಯಲ್ಲಿ ಅತ್ತೆಗೆ ಗುಟ್ಟಾಗಿ ಹೇಳಿದ್ದರು, ಸಾಹೇಬರಿಗೆ ಬಿಪಿ ಬಂದಿದೆ, ಯಾರಿಗೂ ಹೇಳಬೇಡಿ, ಕಡಗ ಮಾರುವವರಿಗೇ ಬಿಪಿ ಎಂದರೆ ಮಂದಿ ನಗುತ್ತಾರೆ ಎಂದು. ಅತ್ತೆ ನನಗೆ ಗುಟ್ಟಾಗಿ ಹೇಳಿದ್ದರು. ಕಡಗದ ಪೆಟ್ಟಿಗೆಗಳೆಲ್ಲ ಇರುತ್ತಿದ್ದದ್ದು ವೈನಿಯ ಹತ್ತಿರ. ನಾನು ಹೋಗಿ, ಬಂಗಾರದ ಬಣ್ಣದ, ಇದ್ದುದರಲ್ಲೇ ಅಗಲವಾದ ಒಂದು ಗಂಡಸರ ಕಡಗ ಕೊಂಡೆ. “ದಸರಾಕ್ಕ ಸಾಹೇಬ್ರಿಗೇ ಕೊಡೂದದ್ರಿ ವೈನಿ, ಹೇಳಬ್ಯಾಡ್ರಿ” ಅಂದೆ. ಆಕೆಗೆ ಖುಷಿಯೋ ಖುಷಿ.

ದಸರೆಯ ಸಂಜೆ ಬನ್ನಿ ಕೊಡಲು ಚಿಂಚವಡಕ್ಕೆ ಹೋದೆವು, ನಾನು, ಗಂಡ, ಅತ್ತೆ. ಬನ್ನಿಯ ಎಲೆ ಕೈಯಲ್ಲಿಟ್ಟು “ಬಂಗಾರ ತಗೊಂಡು ಬಂಗಾರದಂಗ ಇರೂಣು” ಅಂದೆವು. ಸಾಹೇಬರೂ ಅಂದರು. ನಾನು ಅವರ ಪಾದ ಮುಟ್ಟಿ, ಎಲೆಯ ಜೊತೆ ಡಬ್ಬಿಯನ್ನೂ ಮುಂದಿಟ್ಟೆ.

“ಇದೇನ ತಂಗಿ?”

“ನೀವ ಹೇಳಿದ್ರಲ್ಲರೀ, ಎರಡೂ ಕೈಗೆ ಹಾಕ್ಕೊಂಡ್ರ ಚಕ್ರ ಪೂರ್ತಿ ಆಗತದ ಅಂತ. ದೊಡ್ಡ ಮೀಟಿಂಗ್ ಅದ. ತ್ರಾಸ ಆಗಬಾರದು ಅಂತ ತಂದೀನ್ರಿ.”

“ಹಾಕ್ಕೋರಿ,” ಎಂದು ವೈನಿ ಒಳಗಿನಿಂದಲೇ ಕೂಗಿದರು. “ಆ ಡಾಕ್ಟರರೂ ಮೊನ್ನೆ...” ಸಾಹೇಬರು ಜೋರಾಗಿ ಕೆಮ್ಮಿ ಮಾತು ತಡೆದರು.

ಹಬ್ಬದ ದಿನ, ಬನ್ನಿಯ ಜೊತೆ ಬಂದದ್ದು, ತಮ್ಮದೇ ಮಾಲು. ಬೇಡ ಎನ್ನುವುದು ಹೇಗೆ? ನನಗೆ ಯುಗಾದಿಯ ಮರುದಿನ ಆಗಿದ್ದ ಗತಿ ಅವರಿಗೆ ದಸರೆಗೆ ಆಯಿತು. ಗಡಿಯಾರ ಬಿಚ್ಚಿ ಅಂಗಿಯ ಕಿಸೆಗೆ ಹಾಕಿಕೊಂಡು ಎಡಗೈ ಚಾಚಿದರು. ಕೈಗುಣ ಸರಿ ಇಲ್ಲದ ಈ ಕೈಯಿಂದಲೇ ತೊಡಿಸಿದೆ. “ಮೀಟಿಂಗಿನ ದಿನಾ ಮಾತ್ರ ತಪ್ಪದ ಹಾಕ್ಕೊಂಡ ಬರ್ರಿ” ಅಂದೆ. ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು.

ಸಭೆಯ ದಿನ ನಾನು ಬರಿಗೈಯಲ್ಲಿ ಹೋಗಿದ್ದೆ, ಹಸಿರು ಬಳೆ ಬಿಟ್ಟರೆ ಏನೂ ಇರಲಿಲ್ಲ. ಲ್ಯಾಪ್‌ಟಾಪಿನ ಚಿತ್ರ ಗೋಡೆಯ ಮೇಲೆ ದೊಡ್ಡದಾಗಿ ಬೀಳುವಂತೆ ಪ್ರೊಜೆಕ್ಟರ್ ಜೋಡಿಸಿದ್ದರು. ಮಾಲೀಕರು ಸದಾಶಿವ ಪೇಠೆಯ ಹಳೆಯ ಮನುಷ್ಯ, ಮಾತು ಕಡಿಮೆ. ಗಿರಾಕಿಗಳು ಸೂಟು ಹಾಕಿಕೊಂಡು ಸಾಲಾಗಿ ಕೂತಿದ್ದರು. ಸಾಹೇಬರು ಬಂದರು. ಎರಡೂ ಕೈಯಲ್ಲಿ ಕಡಗ.

“ಮ್ಯಾಡಮ್‌ಚ್ಯಾ ಹಾತಾತ ಹೇ ಟಿಕತ ನಾಹೀ, ಮ್ಹಣೂನ ಮೀಚ ಚಾಲವತೋ,” ಎಂದು ನಗುತ್ತ ಕೂತರು. ಮ್ಯಾಡಮ್ ಕೈಯಲ್ಲಿ ಇದು ಬಾಳುವುದಿಲ್ಲ, ಅದಕ್ಕೆ ನಾನೇ ನಡೆಸುತ್ತೇನೆ. ಗಿರಾಕಿಗಳೂ ನಕ್ಕರು. ನಾನು ಗೋಡೆಯ ಬದಿಗೆ ನಿಂತಿದ್ದೆ.

ಬಲಗೈಯಲ್ಲಿ ಮೌಸ್ ಹಿಡಿದರು. ಮೊದಲನೆಯ ಹಾಳೆ ಸರಿ ಹೋಯಿತು, ಎರಡನೆಯದೂ ಹೋಯಿತು. ಮೂರನೆಯದನ್ನು ವಿವರಿಸಲು ಮುಂದಕ್ಕೆ ಬಾಗಿ ಎಡಗೈ ಊರಿದರು. ಗೋಡೆ ಕಪ್ಪಾಯಿತು. ಗುಂಡಿ ಒತ್ತಿದರು. ಗೋಡೆ ತುಂಬ ನೀಲಿ. ಆ ಬಣ್ಣ ಅಷ್ಟು ಚೆಂದ ಇದೆ ಎಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಮತ್ತೆ ಶುರು ಮಾಡಿದರು. ಲ್ಯಾಪ್‌ಟಾಪ್ ಹಾಡು ಹೇಳಿಕೊಂಡು ಎದ್ದಿತು. ಗಿರಾಕಿಗಳು ಬಿಸ್ಕೀಟು ತಿಂದರು. ಸಾಹೇಬರು ಮತ್ತೆ ಬಾಗಿದರು, ಮತ್ತೆ ನೀಲಿ. ಕಂಪ್ಯೂಟರ್ ವಿಭಾಗದ ಹುಡುಗ ಓಡಿ ಬಂದ; ಅವನು ಮುಟ್ಟಿದಾಗ ಸರಿಯಾಗಿತ್ತು, ಸಾಹೇಬರು ಕೂತಾಗ ಮತ್ತೆ ಹೋಯಿತು. ಗಿರಾಕಿಗಳಲ್ಲೊಬ್ಬರು ಗಡಿಯಾರ ನೋಡಿಕೊಂಡರು. ಸಾಹೇಬರ ಕುತ್ತಿಗೆ ಬೆವರಿತ್ತು. ಮ್ಯಾಡಮ್ ಏನೋ ಮಾಡಿರಬೇಕು ಎಂದು ಮರಾಠಿಯಲ್ಲಿ ಗೊಣಗಿದರು.

ಮಾಲೀಕರು ಆಗ ಬಾಯಿ ತೆರೆದರು. ಈ ಹೊತ್ತು ಮ್ಯಾಡಮ್ ಅದನ್ನು ಮುಟ್ಟೇ ಇಲ್ಲವಲ್ಲ ಅಂದರು. ಆಮೇಲೆ, ಧ್ವನಿ ಏರಿಸದೆ, “ಸಾಹೇಬ, ತುಮಚ್ಯಾಚ ಹಾತಾಲಾ ಯಶ ನಾಹೀ ಹೋ,” ಅಂದರು. ನಿಮ್ಮ ಕೈಗೇ ಯಶಸ್ಸಿಲ್ಲ ಎಂದು. ಮರಾಠಿಯವರು ಕೈಗುಣಕ್ಕೆ ಹಾಗೆ ಹೇಳುತ್ತಾರೆ. ಸಭೆಯಲ್ಲಿ ಎಲ್ಲರಿಗೂ ಕೇಳಿಸಿತು, ಡಿಸ್ಪ್ಯಾಚಿನ ಗುಮಾಸ್ತನಿಗೂ ಕೇಳಿಸಿತು.

ನನ್ನನ್ನು ಕೂರಿಸಿದರು. ನಾನು ಸೆರಗು ಸಿಕ್ಕಿಸಿಕೊಂಡು ಕೂತೆ, ಎಡಗೈಯನ್ನು ಬೇಕೆಂದೇ ಆ ಮೂಲೆಯ ಮೇಲೆ ಎಲ್ಲರಿಗೂ ಕಾಣುವಂತೆ ಊರಿದೆ. ಮೊದಲ ಹಾಳೆಯಿಂದ ಕೊನೆಯ ಹಾಳೆಯ ತನಕ, ಗಿರಾಕಿಗಳು ಕೇಳಿದ ಪ್ರಶ್ನೆಗಳ ತನಕ, ಒಂದೇ ಒಂದು ಸಲ ಅದು ತೊದಲಲಿಲ್ಲ. ದೀಪಾವಳಿಗೆ ಕುರ್ಚಿ ನನ್ನದಾಯಿತು.

ಸಭೆಯ ಮರುದಿನವೇ ಸಾಹೇಬರು ನನ್ನ ಮೇಜಿನ ಹತ್ತಿರ ಬಂದಿದ್ದರು. ಕನ್ನಡದಲ್ಲಿ ಮಾತಾಡಿದರು. “ಖರೇ ಹೇಳು ತಂಗಿ, ಏನ ಮಾಡಿದ್ದಿ ಅದಕ್ಕ?”

“ನಾ ಏನ ಮಾಡ್ಲಿರಿ, ಸಾಹೇಬ್ರ? ಕುಣಿಯಾಕ ಬರಲಾರದವರು ನೆಲ ಡೊಂಕು ಅಂತಾರಂತ. ನೀವ ಹೇಳಿದ್ರಿ.”

ಅವರು ಹೊರಟುಹೋದರು. ನಾನು ಮಧ್ಯಾಹ್ನ ಡಬ್ಬಿ ಬಿಚ್ಚಿ ಹೊಟ್ಟೆ ತುಂಬ ಉಂಡೆ. ಇಷ್ಟಕ್ಕೆ ಸಾಕು ಎಂದು ಯಾರಾದರೂ ಅನ್ನಬಹುದು. ನನಗೆ ಸಾಕಾಗಿರಲಿಲ್ಲ. ಕುರ್ಚಿ ಸಿಕ್ಕರೂ ಎಣ್ಣೆ ತರಲು ಅಳುತ್ತ ಹೋದ ದಾರಿ ಮರೆತಿರಲಿಲ್ಲ. ಸಭೆಯ ಅವಮಾನ ತಾಳಲಾರದೆ ಸಾಹೇಬರು ಹೇಳಿ ಕೇಳಿ ತಮಗೂ ಒಂದು ಲ್ಯಾಪ್‌ಟಾಪ್ ತರಿಸಿಕೊಂಡರು, ನನ್ನದೇ ಮಾದರಿಯದು. ಎಡಗೈ ಕಡಗ ತೆಗೆಯಲಿಲ್ಲ. ಬಿಪಿ ಇಳಿದಿದೆ ಎಂದು ವೈನಿ ಬಿಡಲಿಲ್ಲ. ಅದೂ ನೀಲಿಯಾಗತೊಡಗಿತು. ಫಾರ್ಮ್ಯಾಟ್ ಮಾಡಿಸಿದರು, ಮೆಮೊರಿ ಬದಲಿಸಿದರು, ಲಿಂಬೆಹಣ್ಣು ನಿವಾಳಿಸಿದರು. ನಾನು ಎಲ್ಲವನ್ನೂ ನೋಡಿದೆ. ಹೇಳಲಿಲ್ಲ.

ಬೇಸಗೆ ಬಂತು. ಅತ್ತೆ ಮಾವಿನಕಾಯಿ ತರಿಸಿ, ಹೋಳು ಹರಡಿ, ನಾನು ಆಫೀಸಿನಿಂದ ಬರುವ ತನಕ ಕಾದು ಕೂತಿದ್ದರು. “ಬಾರವಾ, ಮದಲ ಉಪ್ಪು ನೀ ಹಾಕು” ಅಂದರು. ಎಣ್ಣೆ ಮೊದಲೇ ತಂದಿಟ್ಟಿದ್ದರು.

ಮುಂದಿನ ರವಿವಾರ ವೈನಿ ಕರೆಕಳಿಸಿದರು. ಅವರ ಮನೆಯ ಉಪ್ಪಿನಕಾಯಿಗೆ ಹೋದ ವರ್ಷ ಬೂಸಲು ಬಂದಿತ್ತು, ಈ ಸಲ ನನ್ನ ಕೈಯಿಂದಲೇ ಹಾಕಿಸಬೇಕಂತೆ. ಹೋದೆ. ಅಡುಗೆಮನೆಯಲ್ಲಿ ಚಾಪೆ ಹಾಸಿ ಕೂತು, ದೊಡ್ಡ ಬುಟ್ಟಿಯಲ್ಲಿ ಹೋಳು, ಸಾಸಿವೆ ಪುಡಿ, ಮೆಂತ್ಯ, ಖಾರ ಎಲ್ಲ ಹಾಕಿಕೊಂಡು ಕಲಸತೊಡಗಿದೆ. ಹೊರಗಿನ ಕೋಣೆಯಲ್ಲಿ ಸಾಹೇಬರು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅದು ಹಾಡು ಹೇಳಿಕೊಂಡು ಎದ್ದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಸಾಹೇಬರು ನಿಟ್ಟುಸಿರು ಬಿಟ್ಟರು. ಮತ್ತೆ ಅದೇ ಹಾಡು. ನಾನು ಉಪ್ಪು ಹಾಕಿದೆ. ಮತ್ತೆ ಅದೇ ಹಾಡು.

“ತಂಗಿ,” ಎಂದು ಅಲ್ಲಿಂದಲೇ ಕರೆದರು. ಕನ್ನಡದಲ್ಲಿ, ಮಾರುವುದು ಏನೂ ಇಲ್ಲದಿದ್ದರೂ ಕನ್ನಡದಲ್ಲಿ. “ಮತ್ತ ಹ್ವಾತು ನೋಡವಾ. ಒಂದ ಸಲ ಬಂದು ನೀ ಮುಟ್ಟಿ ಕೊಡು. ನಿನ್ನ ಕೈಗುಣ ಛಲೋ ಅದ.”

ನಾನು ಮೊಣಕೈ ತನಕ ಖಾರದಲ್ಲಿದ್ದೆ. ತಳದಿಂದ ಒಂದು ಸಲ ಎತ್ತಿ ಕಲಸಿ, ಹೋಳಿಗೆಲ್ಲ ಮಸಾಲೆ ಹತ್ತಿತೇ ಎಂದು ನೋಡಿದೆ. ಚೆನ್ನಾಗಿ ಹತ್ತಿತ್ತು.

“ಕೈ ಖಾಲಿ ಇಲ್ಲರೀ, ಸಾಹೇಬ್ರ,” ಅಂದೆ.